ಹಿಮಶಿಖರದ ಮೇಲೊಂದು ತಂಗುದಾಣ

ಬೆಳಗಿನ ಜಾವ ನಾಲ್ಕು ಗಂಟೆ. ಹೊರಗೆ ಕತ್ತಲೆ, ಮೈ ಕೊರೆಯುವ ಚಳಿ. ಸುತ್ತಲೂ ಹಿಮ. ಅದರ ನಡುವೆ ಒಂಟಿಯಾಗಿ ನಿಂತ ಒಂದು ಮನೆಯಲ್ಲಿ ಮಾತ್ರ ಆಗಲೇ ದೀಪ ಉರಿಯುತ್ತಿದೆ. ಹತ್ತಾರು ಜನ ಬಿಸಿ ಚಹಾ ಕುಡಿದು, ಬ್ರೆಡ್ ತಿಂದು, ಹಣೆಗೆ ಪುಟ್ಟ ಟಾರ್ಚ್ ಕಟ್ಟಿಕೊಂಡು ಹೊರಡಲು ಸಿದ್ಧರಾಗುತ್ತಿದ್ದಾರೆ. ಇಷ್ಟು ಬೇಗ ಏಕೆ? ಬೆಳಕು ಹರಿದ ಮೇಲೆ ಆರಾಮವಾಗಿ ಹೋಗಬಾರದೆ?

ಉತ್ತರ ತಿಳಿಯಬೇಕಾದರೆ ನಾವು ಯುರೋಪಿನ ಆಲ್ಪ್ಸ್ ಪರ್ವತಗಳಿಗೆ ಹೋಗಬೇಕು. ಬನ್ನಿ, ಅಲ್ಲಿನ ತಂಗುದಾಣದಲ್ಲಿ ಒಂದು ರಾತ್ರಿ ಕಳೆಯೋಣ.

ಬೆಟ್ಟದ ಮೇಲೆ ಮನೆ ಏಕೆ?

ಆಲ್ಪ್ಸ್‌ನಲ್ಲಿ 4,000 ಮೀಟರ್ ಮೀರಿದ ಶಿಖರಗಳು ಹಲವು. ಕಣಿವೆಯ ಊರಿನಿಂದ ಹೊರಟು ಇಂಥ ಶಿಖರವನ್ನು ಹತ್ತಿ ಅದೇ ದಿನ ಹಿಂತಿರುಗುವುದು ಬಹಳ ಕಷ್ಟ. ಗುಡಾರ, ಸ್ಟೌವ್, ದಿನಸಿ ಎಲ್ಲವನ್ನೂ ಹೊತ್ತು ನಡೆಯುವುದೂ ಸುಲಭವಲ್ಲ. ಆದ್ದರಿಂದ ದಾರಿಯ ಮಧ್ಯದಲ್ಲಿ ತಂಗುದಾಣಗಳನ್ನು ಕಟ್ಟುವ ಪದ್ಧತಿ ಬೆಳೆಯಿತು. ಇಟಲಿಯ ಜನ ಇವನ್ನು ‘ರಿಫೂಜಿಯೊ’ ಎನ್ನುತ್ತಾರೆ. ಆಶ್ರಯ ಎಂದು ಇದರ ಅರ್ಥ.

ಸ್ವಿಟ್ಜರ್ಲೆಂಡಿನ ಪರ್ವತಾರೋಹಿಗಳ ಸಂಘ 1863ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಟೋಡಿ ಎಂಬ ಪರ್ವತದ ಮೇಲೆ ಅದು ತನ್ನ ಮೊದಲ ತಂಗುದಾಣವನ್ನು ಕಟ್ಟಿಸಿತು. ಇಂದು ಆ ಒಂದು ಸಂಘಕ್ಕೆ ಸೇರಿದ ತಂಗುದಾಣಗಳೇ ಸುಮಾರು 150 ಇವೆ.

ಅಲ್ಲಿನ ರೀತಿನೀತಿ

ತಂಗುದಾಣದ ಬಾಗಿಲಲ್ಲೇ ನೀವು ಬೂಟು ಕಳಚಿಡಬೇಕು. ಒಳಗೆ ಓಡಾಡಲು ಚಪ್ಪಲಿ ಇರುತ್ತದೆ. ಹಿಮ ಮೆತ್ತಿದ ಬೂಟು ಒಳಗೆ ಬಂದರೆ ನೆಲವೆಲ್ಲ ಒದ್ದೆಯಾಗುತ್ತದೆ. ಒದ್ದೆಯಾದದ್ದು ಆ ಚಳಿಯಲ್ಲಿ ಬೇಗ ಒಣಗುವುದಿಲ್ಲ.

ಮಲಗಲು ಉದ್ದನೆಯ ಹಾಸಿಗೆಗಳ ದೊಡ್ಡ ಕೋಣೆ. ಹೊದೆಯಲು ಕಂಬಳಿ ಕೊಡುತ್ತಾರೆ. ಆದರೆ ಚೀಲದಂತೆ ಹೊಲಿದ ತೆಳುವಾದ ಬಟ್ಟೆಯೊಂದನ್ನು ನೀವೇ ತಂದು, ಅದರೊಳಗೆ ತೂರಿಕೊಂಡು ಕಂಬಳಿ ಹೊದೆಯಬೇಕು. ಏಕೆ ಗೊತ್ತೆ? ದಿನವೂ ಕಂಬಳಿ ಒಗೆಯುವಷ್ಟು ನೀರು ಅಲ್ಲಿಲ್ಲ! ಸುತ್ತ ಹಿಮದ ರಾಶಿಯೇ ಇದ್ದರೂ ಅದನ್ನು ಕರಗಿಸಲು ಇಂಧನ ಬೇಕು. ಇಂಧನವನ್ನು ಕೆಳಗಿನಿಂದ ತರಬೇಕು, ಹೆಚ್ಚಾಗಿ ಹೆಲಿಕಾಪ್ಟರಿನಲ್ಲಿ. ಹಾಗಾಗಿ ಅತಿ ಎತ್ತರದ ತಂಗುದಾಣಗಳಲ್ಲಿ ಸ್ನಾನದ ಮಾತೇ ಇಲ್ಲ. ನಿಮ್ಮ ಕಸವನ್ನು ನೀವೇ ಕೆಳಗೆ ಒಯ್ಯಬೇಕು.

ಇನ್ನೊಂದು ಮುಖ್ಯ ನಿಯಮವಿದೆ. ಅಲ್ಲಿಟ್ಟಿರುವ ಪುಸ್ತಕದಲ್ಲಿ ನಿಮ್ಮ ಹೆಸರನ್ನೂ, ನಾಳೆ ಯಾವ ದಾರಿಯಲ್ಲಿ ಎಲ್ಲಿಗೆ ಹೋಗುವಿರಿ ಎಂಬುದನ್ನೂ ಬರೆಯಬೇಕು. ನೀವು ಸಕಾಲಕ್ಕೆ ತಲುಪದಿದ್ದರೆ ರಕ್ಷಣಾ ತಂಡದವರು ಹುಡುಕಾಟ ಆರಂಭಿಸುವುದು ಈ ಒಂದು ಸಾಲಿನಿಂದಲೇ. ಈ ಸಾಲು ಒಂದು ಜೀವವನ್ನು ಉಳಿಸಬಲ್ಲದು.

ನಾಲ್ಕು ಗಂಟೆಯ ಗುಟ್ಟು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಶಿಖರದ ದಾರಿ ಸಾಮಾನ್ಯವಾಗಿ ಹಿಮನದಿಯ ಮೇಲೆ ಹಾದುಹೋಗುತ್ತದೆ. ಹಿಮನದಿ ಎಂದರೆ ಬಹು ನಿಧಾನವಾಗಿ ಕೆಳಕ್ಕೆ ಜಾರುವ ಮಂಜುಗಡ್ಡೆಯ ರಾಶಿ. ಜಾರುವಾಗ ಅದರಲ್ಲಿ ಆಳವಾದ ಬಿರುಕುಗಳು ಉಂಟಾಗುತ್ತವೆ. ಬಿರುಕಿನ ಬಾಯಿಯನ್ನು ಹೊಸ ಹಿಮ ಸೇತುವೆಯಂತೆ ಮುಚ್ಚಿರುತ್ತದೆ. ಮೇಲಿನಿಂದ ನೋಡಿದರೆ ಅಡಿಯಲ್ಲಿ ಬಿರುಕು ಇರುವುದು ತಿಳಿಯುವುದೇ ಇಲ್ಲ.

ರಾತ್ರಿಯ ಚಳಿಗೆ ಈ ಹಿಮಸೇತುವೆ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಬಿಸಿಲೇರಿದಂತೆ ಮೆದುವಾಗುತ್ತದೆ. ಬೆಳಗ್ಗೆ ನಿಮ್ಮ ಭಾರ ತಡೆದ ಸೇತುವೆ ಮಧ್ಯಾಹ್ನ ಕುಸಿಯಬಹುದು! ಜೊತೆಗೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚಿನ ಮಳೆ ಬರುವುದು ಹೆಚ್ಚು. ಆದ್ದರಿಂದಲೇ ಕತ್ತಲಲ್ಲಿ ಹೊರಟು, ಮಧ್ಯಾಹ್ನಕ್ಕೆ ಮೊದಲೇ ಹಿಮನದಿಯನ್ನು ದಾಟಿಬಿಡುತ್ತಾರೆ. ನಾಲ್ಕೈದು ಜನ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಒಬ್ಬ ಬಿದ್ದರೆ ಉಳಿದವರು ಹಿಡಿಯುತ್ತಾರೆ.

4,554 ಮೀಟರ್ ಎತ್ತರದ ಮನೆ

ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಮಾಂಟೆ ರೋಸಾ ಎಂಬ ಪರ್ವತ ಸಮೂಹವಿದೆ. ಅದರ ಒಂದು ಶಿಖರದ ನೆತ್ತಿಯಲ್ಲೇ ಮಾರ್ಗರೀಟಾ ತಂಗುದಾಣ ಇದೆ. ಎತ್ತರ ಸಮುದ್ರಮಟ್ಟದಿಂದ 4,554 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತಲೂ ಹೆಚ್ಚು! ಆಲ್ಪ್ಸ್‌ನ ತಂಗುದಾಣಗಳಲ್ಲೆಲ್ಲ ಇದೇ ಅತಿ ಎತ್ತರದ್ದು.

ಮೊದಲ ಕಟ್ಟಡ ಮರದ್ದು. ಅದರ ಭಾಗಗಳನ್ನು ಕಣಿವೆಯಲ್ಲೇ ಸಿದ್ಧಪಡಿಸಿ, ಮೊದಲು ಹೇಸರಗತ್ತೆಗಳ ಮೇಲೆ, ಅವು ಹೋಗದ ಕಡೆ ಮನುಷ್ಯರ ಹೆಗಲ ಮೇಲೆ ಸಾಗಿಸಿದರು. 1893ರ ಆಗಸ್ಟ್‌ನಲ್ಲಿ ಇಟಲಿಯ ರಾಣಿ ಮಾರ್ಗರೀಟಾ ಸ್ವತಃ ಶಿಖರಕ್ಕೆ ಬಂದು ಅದನ್ನು ಉದ್ಘಾಟಿಸಿದರು. ಈಗಿರುವ ಕಟ್ಟಡ 1980ರದು.

ಈ ಮನೆಯ ಮೈಗೆಲ್ಲ ತಾಮ್ರದ ತಗಡು ಹೊದಿಸಿದ್ದಾರೆ. ಅದು ಅಂದಕ್ಕಲ್ಲ. ಶಿಖರದ ತುದಿಗೆ ಸಿಡಿಲು ಬಡಿಯುವ ಸಂಭವ ಹೆಚ್ಚು. ಸಿಡಿಲು ಬಡಿದರೆ ವಿದ್ಯುತ್ತು ತಾಮ್ರದ ಹೊರಮೈ ಮೇಲೆಯೇ ಹರಿದು ನೆಲ ಸೇರುತ್ತದೆ. ಒಳಗಿರುವವರಿಗೆ ಅಪಾಯವಿಲ್ಲ. ಲೋಹದ ಹೊದಿಕೆಯ ಈ ಗುಣವನ್ನು ತೋರಿಸಿಕೊಟ್ಟವನು ಮೈಕೆಲ್ ಫ್ಯಾರಡೆ. ಆದ್ದರಿಂದ ಇಂಥ ರಚನೆಗೆ ‘ಫ್ಯಾರಡೆ ಪಂಜರ’ ಎಂದು ಹೆಸರು.

ಕುದಿದರೂ ಬೇಯದು!

ಆ ಎತ್ತರದಲ್ಲಿ ವಾಯು ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. ನೀರು ಅಲ್ಲಿ ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಕುದಿಯಲು ಆರಂಭಿಸಿದ ಮೇಲೆ ಎಷ್ಟೇ ಉರಿ ಹಾಕಿದರೂ ನೀರಿನ ಬಿಸಿ ಏರುವುದಿಲ್ಲ. ಹಾಗಾಗಿ ಬೇಳೆ ಕಾಳು ಬೇಯುವುದು ಬಹಳ ತಡ. ಇದಕ್ಕೆ ಪರಿಹಾರ ನಿಮ್ಮ ಅಡುಗೆಮನೆಯಲ್ಲೇ ಇದೆ. ಕುಕ್ಕರಿನಲ್ಲಿ ಹಬೆಯನ್ನು ಹಿಡಿದಿಟ್ಟರೆ ಒಳಗಿನ ಒತ್ತಡ ಹೆಚ್ಚಿ ನೀರಿನ ಕುದಿಬಿಂದು ಮೇಲೇರುತ್ತದೆ. ಬೇಳೆ ಬೇಗ ಬೇಯುತ್ತದೆ.

ತಲೆನೋವಿನ ಹಿಂದಿನ ವಿಜ್ಞಾನ

ಒತ್ತಡ ಕಡಿಮೆಯಾದರೆ ಬೇಳೆಗೆ ಮಾತ್ರ ತೊಂದರೆಯೆ? ನಮಗೂ ತೊಂದರೆ. ಅಲ್ಲಿನ ಗಾಳಿಯಲ್ಲೂ ಆಕ್ಸಿಜನ್ನಿನ ಪಾಲು ನೂರಕ್ಕೆ 21. ಆದರೆ ಗಾಳಿಯೇ ವಿರಳ. ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಬಹಳ ಕಡಿಮೆ. ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರುವುದು ಇವೆಲ್ಲ ಆಗ ಕಾಣಿಸಿಕೊಳ್ಳಬಹುದು. ಇದು ‘ಎತ್ತರದ ಕಾಯಿಲೆ’.

ಇದರ ಕಾರಣ ಹುಡುಕಲು 1894ರಲ್ಲಿ ಟ್ಯೂರಿನ್ನಿನ ವಿಜ್ಞಾನಿ ಏಂಜೆಲೊ ಮೊಸ್ಸೊ ಸೈನಿಕರ ಒಂದು ತಂಡವನ್ನು ಮಾರ್ಗರೀಟಾ ತಂಗುದಾಣಕ್ಕೆ ಕರೆದೊಯ್ದು ಅವರ ಉಸಿರಾಟ, ನಾಡಿ ಬಡಿತಗಳನ್ನು ಪರೀಕ್ಷಿಸಿದ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುವುದೇ ಕಾಯಿಲೆಗೆ ಕಾರಣ ಎಂದು ಆತ ಭಾವಿಸಿದ. ಆದರೆ ಆಕ್ಸಿಜನ್ ಕೊರತೆಯೇ ಕಾರಣ ಎಂದು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲೇ ಹೇಳಿದ್ದ. ಬರ್ಟ್ ಗಾಳಿಯನ್ನು ಹೊರತೆಗೆಯಬಲ್ಲ ಕೋಣೆಯೊಳಗೆ ತಾನೇ ಕುಳಿತು, ಆಕ್ಸಿಜನ್ ಉಸಿರಾಡಿದೊಡನೆ ಸುಸ್ತು ಮಾಯವಾಗುವುದನ್ನು ಕಂಡಿದ್ದ. ಕೊನೆಗೆ ಬರ್ಟ್‌ನ ಮಾತೇ ನಿಜವಾಯಿತು. ಆದರೂ ಮೊಸ್ಸೊ ತೋರಿದ ದಾರಿ ವ್ಯರ್ಥವಾಗಲಿಲ್ಲ. ಇಂದಿಗೂ ವೈದ್ಯ ವಿಜ್ಞಾನಿಗಳು ಇದೇ ತಂಗುದಾಣದಲ್ಲಿ ಸಂಶೋಧನೆ ನಡೆಸುತ್ತಾರೆ.

ಮೇಲೆ ಹತ್ತಿ, ಕೆಳಗೆ ಮಲಗಿ

ನಮ್ಮ ದೇಹ ಎತ್ತರಕ್ಕೆ ಹೊಂದಿಕೊಳ್ಳಬಲ್ಲದು. ಮೊದಲು ಉಸಿರಾಟ, ಎದೆಬಡಿತ ಹೆಚ್ಚುತ್ತವೆ. ವಾರಗಳು ಕಳೆದಂತೆ ಆಕ್ಸಿಜನ್ ಹೊರುವ ಕೆಂಪು ರಕ್ತಕಣಗಳೂ ಹೆಚ್ಚುತ್ತವೆ. ಆದರೆ ಇದಕ್ಕೆ ಸಮಯ ಕೊಡಬೇಕು. ನಿದ್ದೆಯಲ್ಲಿ ಉಸಿರಾಟ ನಿಧಾನವಾಗುವುದರಿಂದ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂಬುದು ಬಹಳ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಪಡೆಯಬೇಕು ಎನ್ನುತ್ತಾರೆ ವೈದ್ಯರು.

ಮಾರ್ಗರೀಟಾಕ್ಕೆ ಹೋಗುವವರಲ್ಲಿ ಅನೇಕರು ಹಿಂದಿನ ರಾತ್ರಿ 3,647 ಮೀಟರ್ ಎತ್ತರದ ನ್ಯಿಫೆತ್ತಿ ತಂಗುದಾಣದಲ್ಲಿ ಮಲಗುತ್ತಾರೆ. ಎರಡರ ನಡುವಿನ ಅಂತರ ಎಷ್ಟು? ಲೆಕ್ಕ ಹಾಕಿ. 907 ಮೀಟರ್! ಆದ್ದರಿಂದ ಎಷ್ಟೋ ಜನ ಶಿಖರ ಮುಟ್ಟಿ ಅದೇ ದಿನ ಕೆಳಗಿಳಿದು ಮಲಗುತ್ತಾರೆ. ಮೇಲೆಯೇ ಉಳಿದವರಲ್ಲಿ ತಲೆನೋವಿನಿಂದ ರಾತ್ರಿಯೆಲ್ಲ ಎಚ್ಚರವಿರುವವರು ಕಡಿಮೆಯಿಲ್ಲ. ಕಾಯಿಲೆ ಉಲ್ಬಣಿಸಿದರೆ ಶ್ವಾಸಕೋಶದಲ್ಲಿ ಅಥವಾ ಮಿದುಳಿನಲ್ಲಿ ನೀರು ತುಂಬಿ ಪ್ರಾಣವೇ ಹೋಗಬಹುದು. ಆಗ ತಡಮಾಡದೆ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಶಿಖರ ಹತ್ತಿರವಿದೆ ಎಂದು ಮುಂದೆ ಹೋಗುವುದು ಧೈರ್ಯವಲ್ಲ, ಅವಿವೇಕ.

ಬಿಸಿಲೇ ಇಂಧನ

ಅದೇ ಪರ್ವತದ ಸ್ವಿಟ್ಜರ್ಲೆಂಡ್ ಬದಿಯಲ್ಲಿ, 2,883 ಮೀಟರ್ ಎತ್ತರದಲ್ಲಿ, 2009ರಲ್ಲಿ ಹೊಸ ಮಾಂಟೆ ರೋಸಾ ತಂಗುದಾಣ ಸಿದ್ಧವಾಯಿತು. ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇದನ್ನು ರೂಪಿಸಿತು. ದಕ್ಷಿಣದ ಗೋಡೆಯ ತುಂಬ ಸೌರಫಲಕಗಳಿವೆ. ಬೇಸಿಗೆಯಲ್ಲಿ ಕರಗುವ ಹಿಮದ ನೀರನ್ನು ಸಂಗ್ರಹಿಸಿಟ್ಟು ವರ್ಷವಿಡೀ ಬಳಸುತ್ತಾರೆ. ನೀರು, ಬೆಳಕು, ಬೆಚ್ಚನೆ ಯಾವುದೂ ಪುಕ್ಕಟೆಯಲ್ಲ ಎಂಬುದನ್ನು ಇಂಥ ಮನೆಯಲ್ಲಿ ಒಂದು ರಾತ್ರಿ ಕಳೆದವರು ಚೆನ್ನಾಗಿ ಬಲ್ಲರು.

ಮಾಡಿ ನೋಡಿ

ಸೂಜಿ ಇಲ್ಲದ ಹೊಸ ಸಿರಿಂಜ್ ಒಂದನ್ನು ತನ್ನಿ. ಶಿಕ್ಷಕರ ಸಹಾಯದಿಂದ, ಕುದಿಸಿ ಸ್ವಲ್ಪ ಆರಿಸಿದ ನೀರನ್ನು (ಚಹಾ ಕುಡಿಯುವಷ್ಟು ಬಿಸಿ ಇದ್ದರೆ ಸಾಕು) ಸಿರಿಂಜಿನ ಕಾಲು ಭಾಗದಷ್ಟು ಎಳೆದುಕೊಳ್ಳಿ. ತುದಿಯನ್ನು ಮೇಲೆ ಮಾಡಿ ಒಳಗಿನ ಗಾಳಿಯನ್ನು ಹೊರಹಾಕಿ. ತುದಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ, ಹಿಡಿಕೆಯನ್ನು ಜೋರಾಗಿ ಹಿಂದಕ್ಕೆ ಎಳೆಯಿರಿ. ಏನಾಯಿತು? ಉರಿಯೇ ಇಲ್ಲದೆ ನೀರು ಗುಳ್ಳೆಯೆದ್ದು ಕುದಿಯಿತಲ್ಲವೆ? ಹಿಡಿಕೆ ಬಿಟ್ಟರೆ ಕುದಿತ ನಿಲ್ಲುತ್ತದೆ. ಒತ್ತಡ ಕಡಿಮೆಯಾದರೆ ಕುದಿಬಿಂದುವೂ ಇಳಿಯುತ್ತದೆ ಎಂಬುದನ್ನು ನೀವೇ ಕಂಡಂತಾಯಿತು.

ಯೋಚಿಸಿ: ಎತ್ತರ 1,000 ಮೀಟರ್ ಹೆಚ್ಚಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಸಮುದ್ರತೀರದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುವ ದಿನ ಮಾರ್ಗರೀಟಾ ತಂಗುದಾಣದ ಹೊರಗೆ ಸುಮಾರು ಎಷ್ಟಿರಬಹುದು? ಉತ್ತರ ಸೊನ್ನೆಗಿಂತ ಮೇಲೋ ಕೆಳಗೋ? ಲೆಕ್ಕ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.