ವಿಳಾಸ ಮರೆತ ಗಾನತಟ್ಟೆ

ಕಚೇರಿಯ ಜಾವಕ ಮೇಜಿನ ಮುಂದೆ ವರ್ಷಗಟ್ಟಲೆ ಕುಳಿತ ನಮಗೆ ಒಂದು ನಂಬಿಕೆ ಬಲಿತುಬಿಟ್ಟಿದೆ: ವಿಳಾಸ ಬರೆಯದ ಲಕೋಟೆ ಯಾರ ಕೈಯನ್ನೂ ಮುಟ್ಟುವುದಿಲ್ಲ. ಈ ನಂಬಿಕೆಯನ್ನು ಕೊಂಚ ಅಲುಗಾಡಿಸಿದ್ದು ಒಂದು ಗಾನತಟ್ಟೆಯ ಕಥೆ. ಹೇಳಿದವನು ನಮ್ಮ ಅಣ್ಣನ ಮಗ. ಮುಂಬಯಿಯ ನಮ್ಮ ಎರಡು ಕೋಣೆಯ ಬಿಡಾರದಲ್ಲಿ ಅವನ ಗಿಟಾರಿಗೂ ಒಂದು ಮೂಲೆ ಬೇಕಾಗಿದೆ. "ಈ ಟಿಂಯ್ ಟಿಂಯ್‌ನಿಂದ ಯಾರಿಗೆ ಏನು ಲಾಭವೋ?" ಎಂದು ನಾವು ಗದರಿದ ದಿನ ಅವನು ಈ ಕಥೆಯನ್ನು ಮುಂದಿಟ್ಟ. ಆಮೇಲೆ ನಾವೇ ಕುತೂಹಲದಿಂದ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಅಮೆರಿಕದ ದಕ್ಷಿಣಕ್ಕೆ ಜಾರ್ಜಿಯಾ ಎಂಬ ರಾಜ್ಯ. ಅಲ್ಲಿ ಅಥೆನ್ಸ್ ಎಂಬುದು ವಿಶ್ವವಿದ್ಯಾನಿಲಯದ ಊರು. ನಮ್ಮ ಧಾರವಾಡದ ಹಾಗೆ ಎಂದುಕೊಳ್ಳಿ. ಆ ಊರಿನ ಗಾನತಟ್ಟೆಯ ಅಂಗಡಿಯೊಂದರಲ್ಲಿ ಪೀಟರ್ ಬಕ್ ಎಂಬ ತರುಣ ಕೆಲಸಕ್ಕಿದ್ದ. ತಟ್ಟೆ ಕೊಳ್ಳಲು ಬರುತ್ತಿದ್ದ ಚಿತ್ರಕಲೆಯ ವಿದ್ಯಾರ್ಥಿ ಮೈಕೇಲ್ ಸ್ಟೈಪ್‌ನೊಡನೆ ಅವನಿಗೆ ಸ್ನೇಹ ಬೆಳೆಯಿತು. ಇವರ ಜೊತೆಗೆ ಮೈಕ್ ಮಿಲ್ಸ್, ಬಿಲ್ ಬೆರಿ ಎಂಬ ಹಳೆಯ ಗೆಳೆಯರಿಬ್ಬರು ಕೂಡಿದರು. ೧೯೮೦ರ ಏಪ್ರಿಲ್ ೫ರಂದು, ಗೆಳತಿಯೊಬ್ಬಳ ಹುಟ್ಟುಹಬ್ಬದ ಕೂಟದಲ್ಲಿ, ಪೂಜೆ ನಿಂತುಹೋಗಿದ್ದ ಒಂದು ಹಳೆಯ ಇಗರ್ಜಿಯೊಳಗೆ ಇವರ ಮೊದಲ ಕಚೇರಿ ನಡೆಯಿತು. ಆಗ ಮೇಳಕ್ಕೆ ಹೆಸರೇ ಇರಲಿಲ್ಲ. ಆಮೇಲೆ ನಿಘಂಟು ತೆರೆದು, ಕಣ್ಣಿಗೆ ಬಿದ್ದ ಮೂರು ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡರು: ಆರ್.ಇ.ಎಂ.

ಅವರ ಹಾಡುಗಳಲ್ಲೊಂದು 'ರೇಡಿಯೋ ಫ್ರೀ ಯೂರೋಪ್'. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಹಣದಿಂದ, ಮ್ಯೂನಿಕ್ ನಗರದಿಂದ, ಪೂರ್ವ ಯೂರೋಪಿನ ಕಮ್ಯುನಿಸ್ಟ್ ದೇಶಗಳಿಗೆ ಸುದ್ದಿ ಬಿತ್ತರಿಸುತ್ತಿದ್ದ ಆಕಾಶವಾಣಿಯ ಹೆಸರು ಅದು. ಹೆಸರೇನೋ ರಾಜಕೀಯದ್ದು, ಆದರೆ ಹಾಡಿನ ಮಾತುಗಳು ಏನೆಂದು ಕೇಳುಗರಿಗೆ ತಿಳಿಯಲೇ ಇಲ್ಲ. ಸ್ಟೈಪ್ ಬಾಯೊಳಗೇ ಗುನುಗುವಂತೆ ಹಾಡುತ್ತಿದ್ದ. ಗಿಟಾರಿನ ಝೇಂಕಾರದ ನಡುವೆ ಅವನ ಕಂಠವೂ ಒಂದು ವಾದ್ಯವಾಗಿ ಬೆರೆತುಹೋಗುತ್ತಿತ್ತು.

ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ, ಸ್ವಂತ ದುಡ್ಡಿನಿಂದಲೋ ಸಣ್ಣ ಪ್ರಕಾಶಕನ ನೆರವಿನಿಂದಲೋ ತಟ್ಟೆ ಹೊರಡಿಸುವುದಕ್ಕೆ ಅಲ್ಲಿ 'ಇಂಡಿ' ಎನ್ನುತ್ತಾರೆ, ಸ್ವತಂತ್ರ ಎಂಬರ್ಥದಲ್ಲಿ. ಈ ನಾಲ್ವರು ಹಿಡಿದದ್ದೂ ಅದೇ ದಾರಿ. ೧೯೮೧ರ ಫೆಬ್ರವರಿಯಲ್ಲಿ ಮಾಡಿದ ಮೊದಲ ಧ್ವನಿಮುದ್ರಣ ಅವರ ಮನಸ್ಸಿಗೆ ಹಿಡಿಸಲಿಲ್ಲ. ಅದು ನಡೆದ ಜಾರ್ಜಿಯಾದ ಸ್ಮರ್ನಾ ಊರಿನ ಆ ಸ್ಟುಡಿಯೋದ ಹೆಸರು 'ಬಾಂಬೆ' ಎಂದು ಓದಿ ನಮಗೆ ನಗು ಬಂತು. ಬೊಂಬಾಯಿಗೆ ಬಂದವರ ಮೊದಲ ಪ್ರಯತ್ನ ಕೈಗೂಡುವುದು ಎಲ್ಲಿಯೂ ಅಪರೂಪವೇ!

ಏಪ್ರಿಲ್ ೧೫ರಂದು ನೆರೆಯ ಉತ್ತರ ಕೆರೋಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ಊರಿಗೆ ಹೋದರು. ಅಲ್ಲಿ ಮಿಚ್ ಈಸ್ಟರ್ ಎಂಬಾತ ತಂದೆತಾಯಿಯ ಮನೆಯ ಮೋಟಾರು ಕೊಟ್ಟಿಗೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಅಲ್ಲಿ ಮುದ್ರಣವಾದ ಹಾಡನ್ನು ಜುಲೈನಲ್ಲಿ ಜಾನಿ ಹಿಬರ್ಟ್ ಎಂಬ ಕಾನೂನು ವಿದ್ಯಾರ್ಥಿ ತನ್ನ 'ಹಿಬ್-ಟೋನ್' ಎಂಬ ಪುಟ್ಟ ಸಂಸ್ಥೆಯಿಂದ ಹೊರತಂದ. ಏಳು ಅಂಗುಲದ ತಟ್ಟೆ. ಹಿಂಬದಿಯಲ್ಲಿ 'ಸಿಟಿಂಗ್ ಸ್ಟಿಲ್' ಎಂಬ ಇನ್ನೊಂದು ಹಾಡು. ಒಟ್ಟು ೧,೦೦೦ ಪ್ರತಿ. ಅದರಲ್ಲಿ ೬೦೦ನ್ನು ಪ್ರಚಾರಕ್ಕೆಂದು ಪುಕ್ಕಟೆಯಾಗಿ ಹಂಚಿದರು. ಅಷ್ಟೆಲ್ಲ ಮಾಡಿ, ತಟ್ಟೆಯ ಮೇಲೆ ಸಂಸ್ಥೆಯ ವಿಳಾಸವನ್ನೇ ಹಾಕಿಸಲು ಮರೆತರು! ಬಕ್‌ನಿಗಂತೂ ತಟ್ಟೆಯ ನಾದ ಕೇಳಿ ಎಷ್ಟು ಬೇಸರವಾಯಿತೆಂದರೆ, ಒಂದು ಪ್ರತಿಯನ್ನು ಒಡೆದು ಮನೆಯ ಗೋಡೆಗೆ ಅಂಟಿಸಿಬಿಟ್ಟ.

ಆದರೂ ತಟ್ಟೆ ಮುಟ್ಟಬೇಕಾದವರನ್ನು ಮುಟ್ಟಿತು. ದೊಡ್ಡ ರೇಡಿಯೋಗಳು ಗಮನಿಸದಿದ್ದರೂ ವಿದ್ಯಾರ್ಥಿಗಳೇ ನಡೆಸುವ ಕಾಲೇಜು ರೇಡಿಯೋ ಕೇಂದ್ರಗಳು ಅಲ್ಲಿ ಊರೂರಿಗೂ ಇದ್ದವು. ಅಲ್ಲಿ ಕೂತ ಹುಡುಗರಿಗೆ ಹಾಡು ಹಿಡಿಸಿತು, ಅಷ್ಟೇ ಸಾಕಾಯಿತು. ಬೇಡಿಕೆ ಏರಿ ಇನ್ನೂ ೬,೦೦೦ ಪ್ರತಿ ಒತ್ತಬೇಕಾಯಿತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ವರ್ಷದ ಹತ್ತು ಉತ್ತಮ ತಟ್ಟೆಗಳಲ್ಲಿ ಇದನ್ನೂ ಎಣಿಸಿತು. ೧೯೮೨ರಲ್ಲಿ ಐ.ಆರ್.ಎಸ್. ಎಂಬ ಕಂಪನಿ ಮೇಳವನ್ನು ಕರೆದುಕೊಂಡಿತು. ೧೯೮೩ರಲ್ಲಿ ಅದೇ ಹಾಡು ಹೊಸದಾಗಿ ಮುದ್ರಣಗೊಂಡು ಮತ್ತೆ ಬಂದಾಗ ಅಮೆರಿಕದ ಮಾರಾಟಪಟ್ಟಿಯಲ್ಲಿ ಏರಿದ್ದು ೭೮ನೆಯ ಸ್ಥಾನಕ್ಕೆ ಮಾತ್ರ. ಲೆಕ್ಕದ ಪ್ರಕಾರ ದೊಡ್ಡ ಜಯವೇನಲ್ಲ. ಆದರೆ ೨೦೦೯ರ ಸಾಲಿನಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡದ್ದು ಆ ಕೊಟ್ಟಿಗೆಯ ತಟ್ಟೆಯನ್ನೇ. ಮುಂದೆ ಬಂದ ಸ್ವತಂತ್ರ ಮೇಳಗಳಿಗೆ ದಾರಿ ತೋರಿಸಿದ್ದು ಅದೆಂಬುದು ಕಾರಣ. ಮೇಳ ಜಗತ್ಪ್ರಸಿದ್ಧವಾಗಿ, ೨೦೧೧ರಲ್ಲಿ ಜಗಳವಿಲ್ಲದೆ ವಿಸರ್ಜನೆಗೊಂಡಿತು.

ಈಗ ನಮ್ಮದೊಂದು ತಪ್ಪೊಪ್ಪಿಗೆ. ಕಳೆದ ವರ್ಷ ನಮ್ಮ ಹುಡುಗನೂ ಅವನ ಇಬ್ಬರು ಗೆಳೆಯರೂ ತಾವೇ ಕಟ್ಟಿದ ಕನ್ನಡ ಹಾಡೊಂದನ್ನು ಅಭ್ಯಾಸ ಮಾಡಲು ಭಾನುವಾರ ಮಧ್ಯಾಹ್ನ ಸಂಘದ ಸಭಾಂಗಣ ಕೇಳಿದರು. "ಗದ್ದಲವಾಗುತ್ತದೆ, ಮಾತೂ ಅರ್ಥವಾಗುವುದಿಲ್ಲ" ಎಂದು ಸಭೆ ಬೇಡವೆಂದಿತು. ಬೇಡವೆಂದು ಎತ್ತಿದ ಕೈಗಳಲ್ಲಿ ನಮ್ಮದೂ ಒಂದು. ಆ ಗೆಳೆಯರಲ್ಲೊಬ್ಬ ಇಲ್ಲಿಯೇ ಹುಟ್ಟಿದವನು. ಕನ್ನಡ ಆಡಬಲ್ಲ, ಓದಲಾರ. ಹಾಡಿನ ಕನ್ನಡ ಸಾಲುಗಳನ್ನು ಅವನು ನಾಗರಿ ಲಿಪಿಯಲ್ಲಿ ಬರೆದುಕೊಂಡಿದ್ದ ಚೀಟಿ ಮೊನ್ನೆ ಗಿಟಾರಿನ ಚೀಲದಲ್ಲಿ ನಮ್ಮ ಕೈಗೆ ಸಿಕ್ಕಿತು. ನಾವು ಎಷ್ಟು ಸಲ ಬುದ್ಧಿ ಹೇಳಿದರೂ ಬಾರದ ಕನ್ನಡ ಅವನ ಬಳಿಗೆ ಹಾಡಾಗಿ ಬಂದಿತ್ತು. ನಾವು ಅದಕ್ಕೇ ಬಾಗಿಲು ಹಾಕಿದ್ದೆವು.

ಅಥೆನ್ಸಿನ ಹುಡುಗರಿಗೆ ಮೊದಲು ದೊರೆತದ್ದು ಹಣವಲ್ಲ, ಕೀರ್ತಿಯಲ್ಲ. ಒಂದು ಹಳೆಯ ಕಟ್ಟಡ, ಒಂದು ಸಂಜೆ, ಕೇಳಲು ಒಂದಿಷ್ಟು ಸ್ನೇಹಿತರು. ಮುಂದಿನ ಸಭೆಯಲ್ಲಿ ಈ ವಿಷಯವನ್ನು ನಾವೇ ಮತ್ತೆ ಎತ್ತಲಿದ್ದೇವೆ. ಸಭಾಂಗಣದ ಬೀಗದ ಕೈ ಭಾನುವಾರ ಮಧ್ಯಾಹ್ನ ಹೇಗೂ ಮೊಳೆಗೆ ತೂಗುತ್ತಿರುತ್ತದೆ. ಹಿರಿಯರು ಈ ಸಲ ನಮ್ಮೊಡನೆ ಕೈ ಎತ್ತುವರೆಂದು ನಂಬಿದ್ದೇವೆ.