ಮಗುವಿನ ಅಳತೆಗೆ ಒಂದು ಪೀಠ

ಚರಿತ್ರೆಯ ಪಾಠ ಹೇಳತಕ್ಕವನು ಬಡಗಿಯ ಕೆಲಸವನ್ನು ಕುರಿತು ಲೇಖನ ಬರೆಯಲು ಹೊರಟರೆ ಸಹೋದ್ಯೋಗಿ ಮಿತ್ರರಿಗೆ ನಗು ಬರುವುದು ಸಹಜ. ಆದರೆ ಸಂಚಿಕೆಯ ಸಂಪಾದಕ ವಿದ್ಯಾರ್ಥಿಗಳು ಬಂದು, “ಈ ಸಲ ಶಾಸನ, ಸಂಧಾನ, ಯುದ್ಧ ಇವನ್ನು ಬಿಟ್ಟು ಬೇರೆ ಏನನ್ನಾದರೂ ಬರೆದುಕೊಡಿ ಸಾರ್” ಎಂದು ಬೇಡಿದರು. ಆ ಮೂರನ್ನು ಬಿಟ್ಟರೆ ನನಗೆ ಅಷ್ಟಿಷ್ಟು ತಿಳಿದಿರುವ ವಿಷಯ ಇದೊಂದೇ. ಅದನ್ನಾದರೂ ಪುಸ್ತಕದಿಂದ ಕಲಿತದ್ದಕ್ಕಿಂತ ತಪ್ಪು ಮಾಡಿ ಕಲಿತದ್ದೇ ಹೆಚ್ಚು.

ಮಕ್ಕಳಿಗಾಗಿ ಪೀಠೋಪಕರಣ ಮಾಡುವವನ ಮುಂದಿರುವ ತೊಡಕು ಇಷ್ಟೆ: ಮಗು ಬೆಳೆಯುತ್ತದೆ, ಕೊಯ್ದ ಮರ ಬೆಳೆಯುವುದಿಲ್ಲ. ಎರಡು ವರ್ಷದ ಕೂಸಿಗೆಂದು ಮಾಡಿಸಿದ ಕುರ್ಚಿಯಲ್ಲಿ ನಾಲ್ಕು ವರ್ಷದ ಹುಡುಗಿಯ ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ನಾಲ್ಕು ವರ್ಷದವಳಿಗೆಂದು ಮಾಡಿಸಿದುದರಲ್ಲಿ ಎರಡು ವರ್ಷದವಳ ಕಾಲು ತೂಗಾಡುತ್ತದೆ. ಶಾಲೆಯ ಕುರ್ಚಿ ಮೇಜುಗಳಿಗೆ ಯೂರೋಪಿನಲ್ಲಿ ಒಂದು ಅಳತೆಯ ಪಟ್ಟಿಯಿದೆ. ಅದರಂತೆ 93ರಿಂದ 116 ಸೆಂಟಿಮೀಟರು ಎತ್ತರದ ಮಗುವಿಗೆ ಕುಳಿತುಕೊಳ್ಳುವ ಹಲಗೆ 26 ಸೆಂಟಿಮೀಟರು, ಮೇಜು 46 ಸೆಂಟಿಮೀಟರು ಎತ್ತರವಿರಬೇಕು. ಅದೇ ಮಗು 119ರಿಂದ 142 ಸೆಂಟಿಮೀಟರಿನವರೆಗೆ ಬೆಳೆದಾಗ ಹಲಗೆ 35ಕ್ಕೂ ಮೇಜು 59ಕ್ಕೂ ಏರಬೇಕು. ಎಂದರೆ ಪೀಠ 9 ಸೆಂಟಿಮೀಟರು ಏರಿದರೆ ಮೇಜು 13 ಏರಬೇಕಾಯಿತು. ಎರಡೂ ಒಂದೇ ಸಮನಾಗಿ ಬೆಳೆಯುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಇದೇ ಮಾತು ನಮಗೆ ಬೇಕಾಗುತ್ತದೆ.

ನಮ್ಮ ಹಿರಿಯರಿಗೆ ಈ ತೊಡಕು ಅಷ್ಟಾಗಿ ಕಾಡಿದಂತೆ ತೋರುವುದಿಲ್ಲ. ತೊಟ್ಟಿಲನ್ನೇ ನೋಡಿ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕಂಡವರಿಗೆ ಅದರ ಮೇಲೆ ಎಷ್ಟು ಕೈಕೆಲಸವಿರುತ್ತದೆಂಬುದು ಗೊತ್ತು. ಒಂದು ಮಗು ಅದರಲ್ಲಿ ಮಲಗುವುದು ಕೆಲವೇ ತಿಂಗಳು. ಹಾಗಿದ್ದೂ ಅದು ದುಂದಾಗುತ್ತಿರಲಿಲ್ಲ. ಅಕ್ಕನ ಮಗುವಾದ ಮೇಲೆ ತಂಗಿಯ ಮಗು, ಆಮೇಲೆ ಬೀಗರ ಮನೆ, ಹೀಗೆ ತೊಟ್ಟಿಲು ಊರೂರು ತಿರುಗುತ್ತಿತ್ತು. ವಸ್ತುವನ್ನು ಬದಲಾಯಿಸುವುದಕ್ಕೆ ಬದಲಾಗಿ ಮಗುವನ್ನು ಬದಲಾಯಿಸಿದರು ಎನ್ನಬಹುದು. ಇನ್ನು ಮಣೆ. ಊಟಕ್ಕೆ ಮಣೆ, ಆರತಿಗೆ ಮಣೆ, ಮದುವೆಗೆ ಹಸೆಮಣೆ. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಮಣೆ ಸಾಕು. ಏಕೆಂದರೆ ನೆಲದ ಮೇಲೆ ಕಾಲು ಮಡಿಸಿ ಕುಳಿತವರಿಗೆ ಮೊಣಕಾಲಿನ ಎತ್ತರದ ಲೆಕ್ಕವೇ ಇಲ್ಲ. ನಾವು ಮೇಜಿನ ಮೇಲೆ ಉಣ್ಣಲು, ಬರೆಯಲು ತೊಡಗಿದ ದಿನದಿಂದ ಈ ಲೆಕ್ಕ ನಮ್ಮ ಮನೆಯೊಳಕ್ಕೆ ಬಂದಿತು. ಬಂಧುಗಳು ದೂರ ದೂರದ ಊರು ಸೇರಿದ ಮೇಲೆ ತೊಟ್ಟಿಲು ತಿರುಗುವುದೂ ನಿಂತಿತು.

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮಗಳಿಗೆ ಎರಡೂವರೆ ವರ್ಷವಾದಾಗ ಅವಳ ಬರವಣಿಗೆ, ಎಂದರೆ ಗೀಚಾಟ, ಆರಂಭವಾಯಿತು. ಕುಳಿತುಕೊಳ್ಳುತ್ತಿದ್ದುದು ಮಗುಚಿದ ಬಕೆಟ್ಟಿನ ಮೇಲೆ. ಮೇಜು ನನ್ನ ಹಳೆಯ ಟ್ರಂಕು. ಕುರ್ಚಿ ಬೇರೆ, ಮೇಜು ಬೇರೆ ಕೊಳ್ಳೋಣವೆಂದರೆ ಇಡುವುದಕ್ಕೆ ಜಾಗವಿಲ್ಲ. ಎರಡು ವರ್ಷ ಕಳೆದರೆ ಮತ್ತೊಂದು ಜೊತೆ ಕೊಳ್ಳಬೇಕು.

ಆ ಕಾಲಕ್ಕೆ ನಾನು ಬಿ.ಎ. ತರಗತಿಗೆ ವೈಮಾರ್ ಗಣರಾಜ್ಯದ ಪಾಠ ಸಿದ್ಧಪಡಿಸುತ್ತಿದ್ದೆ. ವೈಮಾರ್ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ 1919ರ ಸಂವಿಧಾನ, ಹಣದುಬ್ಬರ, ಹಿಟ್ಲರನ ಉದಯ, ಇಷ್ಟೆ. ಅದೇ ವೈಮಾರ್ ಪಟ್ಟಣದಲ್ಲಿ ‘ಬೌಹೌಸ್’ ಎಂಬ ಕಲಾಶಾಲೆಯೂ ಇತ್ತು. ಆ ಶಾಲೆಯವರು 1923ರ ತಮ್ಮ ಪ್ರದರ್ಶನಕ್ಕಾಗಿ ಒಂದು ಮಾದರಿ ಮನೆಯನ್ನು ಕಟ್ಟಿ, ಅದರೊಳಗೆ ಮಕ್ಕಳ ಕೋಣೆಯೊಂದನ್ನು ಮಾಡಿದರು. ಆ ಕೋಣೆಯ ಮರದ ಸಾಮಾನನ್ನು ರೂಪಿಸಿದವಳು ಆಲ್ಮಾ ಬುಷರ್ ಎಂಬ ತರುಣಿ. 1899ರಲ್ಲಿ ಹುಟ್ಟಿದವಳು, ಆ ಶಾಲೆಯ ನೇಯ್ಗೆಯ ವಿಭಾಗದಿಂದ ಮರಗೆಲಸದ ವಿಭಾಗಕ್ಕೆ ಬಂದವಳು. ಅವಳು ಮಾಡಿದ ಬೀರುವಿನಲ್ಲಿ ದೊಡ್ಡ ದೊಡ್ಡ ಪೆಟ್ಟಿಗೆಗಳಿದ್ದುವು. ಹೊರಕ್ಕೆಳೆದರೆ ಒಂದು ಕೂರುವ ಪೀಠ, ಒಂದು ಮೇಜು, ಗಾಲಿಯಿದ್ದುದು ಎಳೆಯುವ ಬಂಡಿ. ಬೀರುವಿನ ಬಾಗಿಲೊಂದರಲ್ಲಿ ಕಿಂಡಿ ಕೊರೆದಿದ್ದರು. ಅದನ್ನು ತೆರೆದರೆ ಗೊಂಬೆಯಾಟದ ರಂಗಸ್ಥಳ. 1944ರಲ್ಲಿ, ಯುದ್ಧದ ಬಾಂಬು ದಾಳಿಯಲ್ಲಿ, ಆಕೆ ತೀರಿಕೊಂಡಳು. ಸಂವಿಧಾನದ ಪಾಠದ ನಡುವೆ ಈ ಚಿತ್ರವನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ನೋಡಿದ್ದೇನೋ ಹೌದು, ಆದರೆ ಸರಿಯಾಗಿ ನೋಡಿರಲಿಲ್ಲ. ಒಂದೇ ವಸ್ತು ಹಲವು ಕೆಲಸಕ್ಕೆ ಬರಬೇಕಾದರೆ ಅದು ಮಡಿಚಬೇಕು, ತೆರೆಯಬೇಕು, ತಿರುಗಬೇಕು ಎಂದೇ ನನ್ನ ತಲೆಯಲ್ಲಿ ಕುಳಿತಿತ್ತು. ಒಂದು ಬೆಂಚಿನ ಚಿತ್ರ ಬರೆದೆ. ಅದರ ಬೆನ್ನ ಹಲಗೆಯನ್ನು ಮುಂದಕ್ಕೆ ಬಗ್ಗಿಸಿದರೆ ಮೇಜು. ಹಿಂದಕ್ಕೆ ಎತ್ತಿದರೆ ಒರಗುವ ಬೆಂಚು. ಕೂರುವ ಹಲಗೆಯನ್ನು ಎತ್ತಿದರೆ ಆಟಿಕೆಯ ಪೆಟ್ಟಿಗೆ. ಕಾಗದದ ಮೇಲೆ ಬಹು ಚೆನ್ನಾಗಿತ್ತು. ನಮ್ಮ ಬೀದಿಯ ಆಚಾರ್ರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಮಾಡೋದು ಮಾಡ್ತೀನಿ ಮೇಷ್ಟ್ರೆ. ಆದ್ರೆ ಇಷ್ಟೊಂದು ಬಿಜಾಗರಿ ಮಗು ಕೈಗೆ ಕೊಡಬಾರ್ದು” ಎಂದರು. ಮಗುವಿಗೆ ಜೋಪಾನವಾಗಿ ಹೇಳಿಕೊಡುತ್ತೇನೆ ಎಂದೆ ನಾನು. ಪಾಠ ಹೇಳುವವರಿಗೆ ಇರುವ ಹುಚ್ಚು ನಂಬಿಕೆಗಳಲ್ಲಿ ಇದೂ ಒಂದು.

ಬೆಂಚು ಮನೆಗೆ ಬಂದ ಮೂರನೆಯ ದಿನ, ನಾನು ಪಕ್ಕದಲ್ಲೇ ಕುಳಿತು ಉತ್ತರಪತ್ರಿಕೆ ತಿದ್ದುತ್ತಿರುವಾಗ, ಹಲಗೆ ಬಿದ್ದು ಮಗಳ ನಡುಬೆರಳು ಸಂದಿಗೆ ಸಿಕ್ಕಿತು. ಮೂಳೆಗೆ ಏನೂ ಆಗಲಿಲ್ಲ. ಉಗುರು ಕಪ್ಪಾಗಿ, ಹತ್ತು ಹನ್ನೆರಡು ದಿನದಲ್ಲಿ ಕಳಚಿ ಬಿತ್ತು. ಅವಳ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಬೆಂಚನ್ನು ಅಟ್ಟಕ್ಕೆ ಹಾಕಿದೆವು.

ಆಮೇಲೆ ಓದಿ ತಿಳಿದದ್ದು ಇದು. ಐರೋಪ್ಯ ರಾಷ್ಟ್ರಗಳ ಆಟಿಕೆ ನಿಯಮದಲ್ಲಿ ಕೀಲಿಗೆಂದೇ ಒಂದು ವಿಧಿಯಿದೆ. ಬಿಜಾಗರಿಯ ಸಾಲಿನಲ್ಲಿರುವ ಸಂದಿನೊಳಗೆ 5 ಮಿಲಿಮೀಟರು ದಪ್ಪದ ಕಡ್ಡಿ ಹೋಗುವಂತಿದ್ದರೆ, ತೆರೆಯುವಾಗಲೂ ಮುಚ್ಚುವಾಗಲೂ 12 ಮಿಲಿಮೀಟರಿನ ಕಡ್ಡಿಯೂ ಅದರಲ್ಲಿ ಹೋಗುವಂತಿರಬೇಕು. ಸಂದು ಬೆರಳು ತೂರದಷ್ಟು ಕಿರಿದಾಗಿರಬೇಕು. ಇಲ್ಲವಾದರೆ ತೂರಿದ ಬೆರಳು ಸಲೀಸಾಗಿ ಹೊರಬರುವಷ್ಟು ಅಗಲವಾಗಿರಬೇಕು. ಅಪಾಯವಿರುವುದು ಈ ಎರಡರ ನಡುವೆ. ನನ್ನ ಬೆಂಚಿನ ಸಂದನ್ನು ಅಟ್ಟ ಹತ್ತಿ ಅಳೆದು ನೋಡಿದೆ: ಸರಿಯಾಗಿ 8 ಮಿಲಿಮೀಟರು.

ಚಲಿಸುವ ಭಾಗದಿಂದ ಇದಕ್ಕಿಂತ ಘೋರವಾದುದೂ ನಡೆದಿದೆ. ಒಂದು ಪಕ್ಕದ ಕಟಾಂಜನವನ್ನು ಕೆಳಕ್ಕೆ ಜಾರಿಸಬಹುದಾದ ಶಿಶುಮಂಚಗಳು ಅಮೆರಿಕದಲ್ಲಿ ದಶಕಗಟ್ಟಲೆ ಮನೆಮನೆಯಲ್ಲಿದ್ದುವು. ತಾಯಿ ಬಗ್ಗದೆ ಮಗುವನ್ನು ಎತ್ತಿಕೊಳ್ಳಲೆಂದು ಮಾಡಿದ ಅನುಕೂಲ ಅದು. ಕೊಂಡಿ ಸವೆದು ಕಟಾಂಜನ ಒಂದು ಕಡೆ ಕಳಚಿದರೆ ಹಾಸಿಗೆಗೂ ಅದಕ್ಕೂ ನಡುವೆ ಸಂದು ಬೀಳುತ್ತಿತ್ತು. ಮಗು ಅದರೊಳಗೆ ಜಾರುತ್ತಿತ್ತು. 2000ದಿಂದ ಮುಂದಿನ ಹತ್ತು ವರ್ಷಗಳಲ್ಲಿ ಹೀಗೆ 30ಕ್ಕೂ ಹೆಚ್ಚು ಮಕ್ಕಳು ಸತ್ತ ಮೇಲೆ 2011ರ ಜೂನ್ ತಿಂಗಳಿನಿಂದ ಅವುಗಳ ಮಾರಾಟವನ್ನು ಅಲ್ಲಿ ನಿಷೇಧಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹಾಗಾದರೆ ಕೀಲಿಲ್ಲದೆ ಒಂದು ವಸ್ತು ಹಲವು ಕೆಲಸಕ್ಕೆ ಬರುವುದು ಹೇಗೆ? ವೈಮಾರಿನ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಆ ಪೆಟ್ಟಿಗೆಗಳಲ್ಲಿ ಮಡಿಚುವಂಥದು ಯಾವುದೂ ಇರಲಿಲ್ಲ! ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಇರುತ್ತದೆ. ಬದಲಾಗುವುದು ಅದನ್ನು ಇಡುವ ರೀತಿ. ಬೇರೆ ದೇಶದವರೂ ಇದೇ ದಾರಿ ಹಿಡಿದಿದ್ದಾರೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ವೇಡೆಲ್ 1957ರ ಸುಮಾರಿನಲ್ಲಿ ಬಾಗಿಸಿದ ಪ್ಲೈವುಡ್ಡಿನಿಂದ ಅರ್ಧ ಕೊಳಗದಂಥ ಒಂದು ಗೂಡು ಮಾಡಿ, ಅದರ ಮೈಯಲ್ಲಿ ಸೀಳುಗಳನ್ನು ಕೊರೆದ. ಬಿಡಿ ಹಲಗೆಯನ್ನು ಕೆಳಗಿನ ಸೀಳಿಗೆ ತೂರಿಸಿದರೆ ಪುಟ್ಟ ಮಗುವಿಗೆ ಕುರ್ಚಿ, ಮೇಲಕ್ಕೆ ತೂರಿಸಿದರೆ ದೊಡ್ಡದಕ್ಕೆ. ಮಲಗಿಸಿದರೆ ತೂಗುವ ದೋಣಿ. ನಾರ್ವೆಯ ಪೀಟರ್ ಓಪ್ಸ್ವಿಕ್ 1972ರಲ್ಲಿ ರೂಪಿಸಿದ ‘ಟ್ರಿಪ್ ಟ್ರಾಪ್’ ಕುರ್ಚಿ ಇನ್ನೂ ಹೆಸರಾದುದು. ಅವನ ಮಗ ಕೂಸಿನ ಕುರ್ಚಿಗೆ ದೊಡ್ಡವನಾಗಿ, ದೊಡ್ಡವರ ಕುರ್ಚಿಗೆ ಚಿಕ್ಕವನಾಗಿ, ಊಟದ ಮೇಜಿನ ಬಳಿ ಕಾಲು ತೂಗಾಡಿಸುತ್ತ ಕುಳಿತಿದ್ದನಂತೆ. ಓರೆಯಾದ ಎರಡು ಪಕ್ಕೆಗಳಲ್ಲಿ ಸಾಲಾಗಿ ಗಾಡಿಗಳನ್ನು ಕೊರೆದು, ಕೂರುವ ಹಲಗೆ, ಕಾಲಿಡುವ ಹಲಗೆ ಎರಡನ್ನೂ ಬೇಕಾದ ಎತ್ತರದಲ್ಲಿ ಸಿಕ್ಕಿಸುವಂತೆ ಮಾಡಿದ. ಮೇಜು ಇದ್ದಲ್ಲೇ ಇರುತ್ತದೆ. ಮಗು ವರ್ಷ ವರ್ಷ ಮೆಟ್ಟಿಲಿಳಿದಂತೆ ಇಳಿಯುತ್ತ ಬರುತ್ತದೆ. ಬಲು ಜಾಣತನದ ಕೆಲಸ. ಆದರೆ ನಮ್ಮ ಮನೆಯಲ್ಲಿ ಊಟದ ಮೇಜೇ ಇಲ್ಲ, ಮತ್ತು ಹಲಗೆಯ ತಿರುಪನ್ನು ಸಡಿಲಿಸಿ ಬಿಗಿಮಾಡತಕ್ಕವರು ದೊಡ್ಡವರು. ನನಗೆ ಬೇಕಾಗಿದ್ದುದು ಮಗು ತಾನೇ ಬದಲಾಯಿಸಬಲ್ಲಂಥದು.

ಕೊನೆಗೆ ಮಾಡಿಸಿದ್ದು ಒಂದು ಪೆಟ್ಟಿಗೆ. ಒಂದಲ್ಲ, ಒಂದೇ ಅಳತೆಯ ಎರಡು. ವಿವರಿಸುತ್ತೇನೆ, ಬೇಕಾದವರು ಮಾಡಿಸಿಕೊಳ್ಳಬಹುದು. ಅರ್ಧ ಇಂಚಿನ ಪ್ಲೈವುಡ್. ಎಡಕ್ಕೊಂದು ಬಲಕ್ಕೊಂದು ಪಕ್ಕೆ, 15 ಇಂಚು ಚೌಕ. ಹಿಂದೆ ಬೆನ್ನ ಹಲಗೆ. ಮುಂದೆ, ಮೇಲೆ, ಕೆಳಗೆ ತೆರಪು. ನಡುವೆ ಅಡ್ಡಲಾಗಿ ಒಂದು ಹಲಗೆ. ಇದನ್ನು ಸರಿಯಾಗಿ ಮಧ್ಯಕ್ಕೆ ಕೂರಿಸದೆ ಒಂದು ಅಂಚಿಗೆ ಹತ್ತಿರವಾಗಿ ಕೂರಿಸುವುದೇ ಇದರ ಗುಟ್ಟು. ಹಲಗೆಯ ಮೇಲ್ಮೈ ನೆಲದಿಂದ ಆರೂವರೆ ಇಂಚು ಇದ್ದರೆ ಅದು ಎರಡು ವರ್ಷದವರ ಪೀಠ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿದರೆ ಅದೇ ಹಲಗೆ ಎತ್ತರದ ಪೀಠವಾಗುತ್ತದೆ. ಎಷ್ಟು ಎತ್ತರ? ನಾನು ಹದಿನೈದರಲ್ಲಿ ಆರೂವರೆ ಕಳೆದು ಎಂಟೂವರೆ ಎಂದು ಬರೆದಿದ್ದೆ. ಆಚಾರ್ರು ಚೀಟಿ ನೋಡಿ ನಕ್ಕರು: “ಹಲಗೆಗೆ ದಪ್ಪ ಅನ್ನೋದು ಇಲ್ವಾ ಮೇಷ್ಟ್ರೆ?” ಹೌದು, ಮಗುಚಿದಾಗ ಹಲಗೆಯ ಅಡಿಮೈ ಮೇಲಾಗುತ್ತದೆ, ಅರ್ಧ ಇಂಚು ಸೇರಿ ಒಂಬತ್ತಾಗುತ್ತದೆ.

ಇನ್ನು ಮೇಜು. ಒಂದು ಪೆಟ್ಟಿಗೆಯನ್ನು ಮುಖ ಕೆಳಗಾಗಿ ಮಲಗಿಸಿದರೆ ಬೆನ್ನ ಹಲಗೆ ಮೇಲೆ ಬಂದು 15 ಇಂಚಿನ ಮೇಜಾಗುತ್ತದೆ. ಆರೂವರೆ ಇಂಚಿನ ಪೀಠಕ್ಕೆ ಇದು ಸರಿಹೊಂದುತ್ತದೆ. ಒಂಬತ್ತರ ಪೀಠಕ್ಕೆ ಮಾತ್ರ ಸಾಲದು. ಮಗು ಗೂನು ಬೆನ್ನು ಮಾಡಿ ಬರೆಯಬೇಕಾಗುತ್ತದೆ. ಪೀಠ ಏರಿದರೆ ಮೇಜೂ ಏರಬೇಕೆಂದು ಮೊದಲೇ ಹೇಳಿದೆನಷ್ಟೆ. ಇದಕ್ಕೆ ಉಪಾಯ ತೋರಿಸಿದವರು ಆಚಾರ್ರೇ. ಪೆಟ್ಟಿಗೆಯ ಅಗಲವನ್ನು, ಎಂದರೆ ಎಡಪಕ್ಕೆಯ ಹೊರಮೈಯಿಂದ ಬಲಪಕ್ಕೆಯ ಹೊರಮೈಗೆ, 15ರ ಬದಲು 17 ಇಂಚು ಇಟ್ಟರು. ಈಗ ಅದನ್ನು ಮಗ್ಗುಲಾಗಿ ನಿಲ್ಲಿಸಿದರೆ ಒಂದು ಪಕ್ಕೆ ಮೇಲಕ್ಕೆ ಬಂದು 17 ಇಂಚಿನ ಮೇಜಾಯಿತು. ಮೇಜಾಗಿ ಇಟ್ಟಾಗ ಎರಡರಲ್ಲಿಯೂ ಅಡ್ಡಹಲಗೆಯ ಅಗಲ ತೆರಪಿನ ಕಡೆಯಲ್ಲಿ ಕುಳಿತರೆ ಮೊಣಕಾಲಿಗೆ ಎಂಟೂವರೆ ಇಂಚು ಜಾಗವಿರುತ್ತದೆ. ಎರಡು ಪೀಠ, ಎರಡು ಮೇಜು, ಕೀಲಿಲ್ಲ, ಕೊಂಡಿಯಿಲ್ಲ. ಅಟ್ಟದಲ್ಲಿದ್ದ ಬೆಂಚನ್ನು ಬಿಚ್ಚಿದ್ದರಿಂದ ಅರ್ಧ ಪ್ಲೈವುಡ್ ಅಲ್ಲಿಯೇ ದೊರಕಿತು.

ಇದರಲ್ಲಿ ದೋಷವಿಲ್ಲವೆಂದು ಹೇಳಲಾರೆ. ಮೇಜಿನ ಮೇಲುಹಲಗೆ ದೊಡ್ಡದಿರಬೇಕು. ಕೂರುವ ಹಲಗೆಯ ಆಳ ಚಿಕ್ಕದಿರಬೇಕು. ಒಂದೇ ಪೆಟ್ಟಿಗೆಯಲ್ಲಿ ಇವೆರಡೂ ಜಗಳವಾಡುತ್ತವೆ. ನಮ್ಮ ಪೀಠದ ಆಳ ಹದಿನಾಲ್ಕೂವರೆ ಇಂಚು. ಬೆನ್ನಿಗೆ ಒರಗಿದರೆ ಪುಟ್ಟ ಮಗುವಿನ ಕಾಲು ಮುಂದಕ್ಕೆ ಕೋಲಿನಂತೆ ಚಾಚಿಕೊಳ್ಳುತ್ತದೆ. ನನ್ನ ತಾಯಿ ಹಳೆಯ ಸೀರೆ ತುರುಕಿದ ದಪ್ಪ ದಿಂಬೊಂದನ್ನು ಬೆನ್ನ ಹಿಂದಿಟ್ಟು ಇದನ್ನು ಪರಿಹರಿಸಿದರು. ಅದಕ್ಕಿಂತ ಒಳ್ಳೆಯ ಪರಿಹಾರ ನನಗೆ ಇವೊತ್ತಿಗೂ ಹೊಳೆದಿಲ್ಲ. ತೂಕದ ಪ್ರಶ್ನೆಯೂ ಇದೆ. ಮುಕ್ಕಾಲು ಇಂಚಿನ ಹಲಗೆ ಗಟ್ಟಿಯೇ, ಆದರೆ ಆರು ಕಿಲೋಗ್ರಾಮು ದಾಟುತ್ತದೆ; ಮಗು ಉರುಳಿಸಲಾರದು, ಕಾಲಿನ ಮೇಲೆ ಬಿದ್ದರೆ ಕೆಡುಕು. ಅರ್ಧ ಇಂಚಿನದು ನಾಲ್ಕೂವರೆಯ ಸುಮಾರಿಗೆ ಬರುತ್ತದೆ. ಪಕ್ಕೆಗಳಲ್ಲಿ ದೊಡ್ಡವರ ಕೈಯೂ ಸಲೀಸಾಗಿ ಹೊಕ್ಕು ಹೊರಡುವಷ್ಟು ಅಗಲವಾದ ಕಿಂಡಿ ಕೊರೆಸಿದೆವು. ಅಂಚುಗಳನ್ನೆಲ್ಲ ಆಚಾರ್ರು ಮರಳು ಕಾಗದದಿಂದ ಉಜ್ಜಿ ದುಂಡಗೆ ಮಾಡಿದರು. ಉಜ್ಜುವ ಕೂಲಿಯೇ ಕೊಯ್ಯುವ ಕೂಲಿಗಿಂತ ಹೆಚ್ಚಾಯಿತು. ಆ ಹಣದ ಬಗ್ಗೆ ನಾನು ಚೌಕಾಸಿ ಮಾಡಲಿಲ್ಲ.

ಪೆಟ್ಟಿಗೆಗಳು ಬಂದ ದಿನ ಮಗಳು ದೂರ ನಿಂತು ಬೆರಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅದನ್ನು ನಾನು ಮರೆಯಲಾರೆ. ನಾವು ಯಾರೂ ಕರೆಯಲಿಲ್ಲ. ಎರಡು ದಿನ ಅವು ಗೋಡೆಯ ಬದಿಗೆ ಇದ್ದುವು. ಮೂರನೆಯ ದಿನ ನಾನು ಕಾಲೇಜಿನಿಂದ ಬಂದಾಗ ಒಂದು ಪೆಟ್ಟಿಗೆ ತಲೆಕೆಳಗಾಗಿತ್ತು. ಅದರೊಳಗೆ ಅವಳೂ ಗೊಂಬೆಯೂ ಕುಳಿತಿದ್ದರು. ಟಿಕೀಟು ಕೊಂಡರೆ ಮಾತ್ರ ಬಸ್ಸು ಹತ್ತಬಹುದೆಂದು ನನಗೆ ತಿಳಿಸಲಾಯಿತು. ಅನಂತರ ಅದು ಅಂಗಡಿಯಾಯಿತು, ದೇವರ ಗುಡಿಯಾಯಿತು, ಜ್ವರ ಬಂದ ಗೊಂಬೆಗೆ ಆಸ್ಪತ್ರೆಯಾಯಿತು. ನಾನು ಲೆಕ್ಕ ಹಾಕಿದ್ದು ಎರಡು ಪೀಠ, ಎರಡು ಮೇಜು ಮಾತ್ರ.

ಈಗ ಅವಳಿಗೆ ಏಳು ವರ್ಷ. ಒಂಬತ್ತು ಇಂಚಿನ ಪೀಠ ಚಿಕ್ಕದಾಗಿದೆ. ಒಂದು ಪೆಟ್ಟಿಗೆಯನ್ನು ಮಗ್ಗುಲಾಗಿಸಿ ಅದರೊಳಗೆ ಪುಸ್ತಕ ಜೋಡಿಸಿಕೊಂಡಿದ್ದಾಳೆ. ಇನ್ನೊಂದರ ಮೇಲೆ ನನ್ನ ತಾಯಿ ಮಂಡಿನೋವಿನ ಕಾರಣ ಕುಳಿತು ಸೊಪ್ಪು ಬಿಡಿಸುತ್ತಾರೆ. ಮೊನ್ನೆ ನನ್ನ ತಂಗಿ ಎರಡು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಊರಿಗೆ ಹೊರಡುವಾಗ, “ಅಣ್ಣ, ಆ ಪೆಟ್ಟಿಗೆ ನಿಮಗೆ ಇನ್ನೂ ಬೇಕಾ?” ಎಂದು ಕೇಳಿದಳು. ನಾನು ಮಗಳ ಮುಖ ನೋಡಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಅಜ್ಜಿಯನ್ನು ಎಬ್ಬಿಸಿ, ಆ ಪೆಟ್ಟಿಗೆಯನ್ನು ತಿರುಗಿಸಿ ಆರೂವರೆ ಇಂಚಿನ ಕಡೆ ಮೇಲೆ ಬರುವಂತೆ ಇಟ್ಟು, ಹುಡುಗನನ್ನು ಕೂರಿಸಿ ನೋಡಿದಳು.