ಆಡಿನ ಮರಿಗಳ ರೋಗನಿರೋಧಕ ಶಕ್ತಿ ಮತ್ತು ಬೆಳವಣಿಗೆ: ಗಿಣ್ಣದ ಹಾಲಿನ ಮಹತ್ವ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ (ಸೂಪಾ), ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳ ಆಡು ಸಾಕಾಣಿಕೆದಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಜನಿಸಿದ ಮೊದಲ ಕೆಲವು ವಾರಗಳು ಮರಿಯ ಜೀವಕ್ಕೆ ಅತ್ಯಂತ ಅಪಾಯದ ಅವಧಿಯಾಗಿದ್ದು, ಮೊದಲ ದಿನದ ಆರೈಕೆಯೇ ಇಲ್ಲಿ ನಿರ್ಣಾಯಕವಾಗಿರುತ್ತದೆ.

ಗಿಣ್ಣದ ಹಾಲು ಏಕೆ ಅವಶ್ಯ?

ಆಡುಗಳಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಗರ್ಭದಲ್ಲಿರುವ ಮರಿಗೆ ದಾಟುವುದಿಲ್ಲ. ಮರಿಗೆ ಅವು ದೊರೆಯುವುದು ಗಿಣ್ಣದ ಹಾಲಿನಿಂದ ಮಾತ್ರ. ಈ ಅಂಶಗಳನ್ನು ನೇರವಾಗಿ ರಕ್ತಕ್ಕೆ ಹೀರಿಕೊಳ್ಳುವ ಕರುಳಿನ ಸಾಮರ್ಥ್ಯವು ಜನನಾನಂತರ ಗಂಟೆಗಂಟೆಗೂ ಕುಗ್ಗುತ್ತಾ, ಸುಮಾರು 24 ಗಂಟೆಗಳಲ್ಲಿ ಬಹುತೇಕ ನಿಂತುಹೋಗುತ್ತದೆ. ಮರುದಿನ ಎಷ್ಟೇ ಕುಡಿಸಿದರೂ ಈ ಕೊರತೆಯನ್ನು ತುಂಬಲಾಗದು.

ಆದುದರಿಂದ ಮಾಸು ಬೀಳುವವರೆಗೆ ಮರಿಗೆ ಹಾಲುಣಿಸಬಾರದೆಂಬ ನಂಬಿಕೆಯು ತಪ್ಪು. ಮರಿಯು ಕುಡಿಯುವುದರಿಂದ ಮಾಸು ಬೀಳಲು ಸಹಾಯವೇ ಆಗುತ್ತದೆ.

ಎಷ್ಟು, ಯಾವಾಗ ಕುಡಿಸಬೇಕು?

1. ಜನಿಸಿದ ಒಂದು ಗಂಟೆಯೊಳಗೆ ಮೊದಲ ಬಾರಿ ಕುಡಿಸುವುದು.
2. ಮೊದಲ 24 ಗಂಟೆಗಳಲ್ಲಿ ಮರಿಯ ತೂಕದ ಕನಿಷ್ಠ ಹತ್ತನೇ ಒಂದು ಭಾಗದಷ್ಟು ನೀಡುವುದು. ಉದಾಹರಣೆಗೆ, 2 ಕಿ.ಗ್ರಾಂ. ತೂಕದ ಮರಿಗೆ 200 ಮಿ.ಲೀ. ಇದನ್ನು 3-4 ಬಾರಿಯಾಗಿ ಹಂಚಿ ಕುಡಿಸುವುದು.
3. ಅವಳಿ ಮರಿಗಳಿದ್ದಲ್ಲಿ ದುರ್ಬಲ ಮರಿಗೆ ಮೊದಲು ಕುಡಿಸುವುದು.
4. ಹಾಲಿಗಾಗಿ ಆಡು ಸಾಕುವವರು ಮರಿಗಳಿಗೆ ಸಾಕಾದ ನಂತರವೇ ಉಳಿದ ಗಿಣ್ಣವನ್ನು ಹಿಂಡಿಕೊಳ್ಳತಕ್ಕದ್ದು.
5. ತಾಯಿ ಸತ್ತಲ್ಲಿ ಅದೇ ದಿನ ಮರಿ ಹಾಕಿದ ಇನ್ನೊಂದು ಆರೋಗ್ಯವಂತ ಆಡಿನ ಗಿಣ್ಣದ ಹಾಲನ್ನು ನೀಡಬಹುದು. ಅದನ್ನು ಕುದಿಸಬಾರದು, ಉಗುರುಬೆಚ್ಚಗಿರುವಂತೆ ನೋಡಿಕೊಳ್ಳಬೇಕು.

ಹೊಕ್ಕುಳು ಮತ್ತು ಕೊಟ್ಟಿಗೆ

ಹೊಕ್ಕುಳಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಒದ್ದೆಯಾದ ಮರಿಯು ಚಳಿಗೆ ಸಿಲುಕಿ ಕುಡಿಯುವುದನ್ನೇ ನಿಲ್ಲಿಸಬಹುದು. ಮೈಯನ್ನು ಒಣಬಟ್ಟೆಯಿಂದ ಒರೆಸಿ, ಒಣಹುಲ್ಲು ಹಾಸಿದ ಬೆಚ್ಚನೆಯ ಜಾಗದಲ್ಲಿಡುವುದು. ಜೋಯಿಡಾದಂತಹ ಅಧಿಕ ಮಳೆಯ ಪ್ರದೇಶದಲ್ಲಿ ನೆಲದಿಂದ ಎತ್ತರಿಸಿದ ಹಲಗೆಯ ಅಟ್ಟಣಿಗೆ ಸೂಕ್ತ.

ಬೆಳವಣಿಗೆ

ಎರಡನೆಯ ವಾರದಿಂದ ಹಾಲಿನ ಜೊತೆಗೆ ಹಲಸಿನಂತಹ ಎಳೆಯ ಸೊಪ್ಪು, ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ ಮತ್ತು ಖನಿಜ ಮಿಶ್ರಣವುಳ್ಳ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ರೂಢಿಸುವುದು. ಇದರಿಂದ ಮೆಲುಕು ಹಾಕುವ ಹೊಟ್ಟೆಯು ಬೆಳೆಯುತ್ತದೆ. ವಾರಕ್ಕೊಮ್ಮೆ ತೂಕ ಬರೆದಿಡುವುದು. ತೂಕ ಏರದಿರುವುದು ರೋಗದ ಮೊದಲ ಸೂಚನೆಯಾಗಿರಬಹುದು. ಮೇವು ಚೆನ್ನಾಗಿ ತಿನ್ನುವ ಮರಿಯನ್ನು 2-3 ತಿಂಗಳಿಗೆ ಹಾಲು ಬಿಡಿಸಬಹುದು.

ಲಸಿಕೆ

ತಾಯಿಯಿಂದ ಬಂದ ರಕ್ಷಣೆಯು ಕೆಲವೇ ತಿಂಗಳುಗಳಲ್ಲಿ ಕ್ಷೀಣಿಸುತ್ತದೆ. ಅದು ಪ್ರಬಲವಾಗಿರುವಾಗ ಹಾಕಿದ ಲಸಿಕೆಯು ಫಲಕಾರಿಯಾಗದೇ ಇರಬಹುದು. ಆದ್ದರಿಂದ ಮರಿಗಳಿಗೆ ಪಿ.ಪಿ.ಆರ್. ಮತ್ತು ಕರುಳುಬೇನೆ ಲಸಿಕೆಗಳನ್ನು ಸುಮಾರು 3-4 ತಿಂಗಳ ವಯಸ್ಸಿನಲ್ಲಿ ಹಾಕಿಸುವುದು. ಗಬ್ಬದ ಆಡಿಗೆ ಮರಿ ಹಾಕುವ ಸುಮಾರು ಒಂದು ತಿಂಗಳ ಮೊದಲು, ಪಶುವೈದ್ಯರ ಸಲಹೆಯಂತೆ ಕರುಳುಬೇನೆ ಲಸಿಕೆ ಹಾಕಿಸಿದಲ್ಲಿ, ಆ ರಕ್ಷಣೆಯು ಗಿಣ್ಣದ ಮೂಲಕ ಮರಿಗೂ ದೊರೆಯುತ್ತದೆ.

ಮರಿಯು ಹಾಲು ಕುಡಿಯದಿದ್ದಲ್ಲಿ, ಭೇದಿ ಕಂಡುಬಂದಲ್ಲಿ ಅಥವಾ ಹೊಕ್ಕುಳು ಊದಿಕೊಂಡಲ್ಲಿ ತಡಮಾಡದೆ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ಪಶು ಸಹಾಯವಾಣಿ 1962 ಅನ್ನು ಸಂಪರ್ಕಿಸಲು ಕೋರಲಾಗಿದೆ.